ಮೈಗೆ ಒಗ್ಗದ ಮದ್ದಿನ ಹೆಸರು ಕನ್ನಡದಲ್ಲಿ ಬರೆದಿಟ್ಟುಕೊಳ್ಳಿ!



ಅಡಿಕೆಗೆ ಕೊಳೆ ಔಷಧ ಹೊಡೆಯುವ ಲೆಕ್ಕವನ್ನು ನಮ್ಮ ಸಾಗರ, ಹೊಸನಗರ, ತೀರ್ಥಹಳ್ಳಿ ಸೀಮೆಯಲ್ಲಿ ಯಾರನ್ನು ಕೇಳಿದರೂ ಹೇಳುತ್ತಾರೆ. ನೂರು ಲೀಟರ್ ನೀರಿಗೆ ಒಂದು ಕಿಲೋ ಮೈಲುತುತ್ತು, ಒಂದು ಕಿಲೋ ಸುಣ್ಣ. ಶಾಲೆಯ ಮೆಟ್ಟಿಲು ಹತ್ತದ ಕೊನೆಗೌಡನಿಗೂ ಇದು ಬಾಯಿಪಾಠ. ಮರಕ್ಕೆ ಹೊಡೆಯುವ ಮದ್ದಿನ ಹೆಸರು ಗೊತ್ತು, ಅಳತೆ ಗೊತ್ತು, ಹೆಚ್ಚುಕಡಿಮೆಯಾದರೆ ಏನಾಗುತ್ತದೆ ಎಂಬುದೂ ಗೊತ್ತು.

ಈಗ ಇನ್ನೊಂದು ಪ್ರಶ್ನೆ ಕೇಳುತ್ತೇನೆ. ಹೋದ ಮಳೆಗಾಲದಲ್ಲಿ ಜ್ವರ ಬಂದಾಗ ನೀವು ಐದು ದಿನ ನುಂಗಿದಿರಲ್ಲ, ಆ ಮಾತ್ರೆಯ ಹೆಸರೇನು?

ಗೊತ್ತಿಲ್ಲ! 'ಕೆಂಪು ಹಳದಿ ಕ್ಯಾಪ್ಸೂಲು', 'ಉದ್ದನೆ ಬಿಳಿ ಗುಳಿಗೆ', 'ಅದೇ, ಡಾಕ್ಟರು ಕೊಟ್ಟದ್ದು'. ಇದಕ್ಕಿಂತ ಹೆಚ್ಚು ಹೇಳುವವರು ನೂರಕ್ಕೆ ಹತ್ತು ಮಂದಿ ಸಿಕ್ಕರೆ ಅದೇ ದೊಡ್ಡದು. ಮರಕ್ಕೆ ಕೊಟ್ಟ ಮದ್ದಿನ ಹೆಸರು ಗೊತ್ತಿರುವ ನಮಗೆ ನಮ್ಮದೇ ರಕ್ತಕ್ಕೆ ಸೇರಿದ ಮದ್ದಿನ ಹೆಸರು ಗೊತ್ತಿಲ್ಲ. ಯಾಕೆಂದರೆ ಒಂದು ಕನ್ನಡದಲ್ಲಿದೆ, ಇನ್ನೊಂದು ಕನ್ನಡದಲ್ಲಿಲ್ಲ.

ಇದು ಬರೀ ಭಾಷಾಭಿಮಾನದ ಮಾತಲ್ಲ, ಜೀವದ ಮಾತು. ಒಬ್ಬರಿಗೆ ಜೀವ ಉಳಿಸುವ ಆಂಟಿಬಯಾಟಿಕ್ ಇನ್ನೊಬ್ಬರ ಮೈಯ ಚರ್ಮವನ್ನೇ ಸುಲಿದು ಹಾಕಬಲ್ಲದು. ಒಮ್ಮೆ ಹಾಗಾದವರು ಮತ್ತೆ ಅದೇ ಮದ್ದು ನುಂಗಿದರೆ ಎರಡನೇ ಸಲ ಬದುಕುವುದು ಕಷ್ಟ. ಅಂಥವರನ್ನು ಕಾಯುವುದು ಆ ಮದ್ದಿನ ಹೆಸರು ಒಂದೇ. ಆ ಹೆಸರನ್ನು ಓದಲಾಗದ ಲಿಪಿಯಲ್ಲಿ ಅಚ್ಚುಹಾಕಿ, ಗುಳಿಗೆಯನ್ನು ಕತ್ತರಿಸಿ ಕವರಿಗೆ ಹಾಕಿ ಕೈಗೆ ಕೊಟ್ಟರೆ ಅದನ್ನು ಚಿಕಿತ್ಸೆ ಎನ್ನುವುದು ಹೇಗೆ?

ಜ್ವರದ ಸೀಮೆ, ಗುಳಿಗೆಯ ಸೀಮೆ

ನಮ್ಮದು ಜ್ವರದ ಸೀಮೆ. 1957ರಲ್ಲಿ ಸೊರಬ ತಾಲೂಕಿನ ಕ್ಯಾಸನೂರು ಕಾಡಿನಲ್ಲಿ ಮಂಗಗಳು ಸತ್ತು ಬಿದ್ದಾಗ ಜಗತ್ತಿಗೆ ಗೊತ್ತಾದ ಮಂಗನ ಕಾಯಿಲೆ ಇವತ್ತಿಗೂ ನಮ್ಮನ್ನು ಬಿಟ್ಟಿಲ್ಲ. 2018ರ ಕೊನೆಯಿಂದ 2019ರವರೆಗೆ ಸಾಗರ ತಾಲೂಕಿನ ಅರಳಗೋಡು ಭಾಗ ಅನುಭವಿಸಿದ್ದನ್ನು ಯಾರೂ ಮರೆತಿಲ್ಲ. ಬೇಸಿಗೆಗೆ ಮಂಗನ ಕಾಯಿಲೆ, ಮಳೆಗೆ ಇಲಿ ಜ್ವರ, ನಡುವೆ ಡೆಂಗ್ಯೂ. ಎಲ್ಲಕ್ಕೂ ಮೊದಲ ಲಕ್ಷಣ ಒಂದೇ: ಮೈ ಸುಡುವುದು, ತಲೆ ಸಿಡಿಯುವುದು, ಮೈಕೈ ನೋವು.

ಇದರಲ್ಲಿ ಒಂದು ವಿಷಯ ತಿಳಿದಿರಲಿ. ಮಂಗನ ಕಾಯಿಲೆಯೂ ಡೆಂಗ್ಯೂವೂ ವೈರಸ್ಸಿನಿಂದ ಬರುವುದು. ವೈರಸ್ಸಿಗೆ ಆಂಟಿಬಯಾಟಿಕ್ ತಟ್ಟುವುದಿಲ್ಲ. ಇಲಿ ಜ್ವರ ಬ್ಯಾಕ್ಟೀರಿಯಾದಿಂದ ಬರುವುದು. ಅದಕ್ಕೆ ಡಾಕ್ಸಿಸೈಕ್ಲಿನ್, ಪೆನ್ಸಿಲಿನ್ ಕೆಲಸ ಮಾಡುತ್ತವೆ, ಜೀವ ಉಳಿಸುತ್ತವೆ. ಯಾವ ಜ್ವರ ಎಂದು ಪರೀಕ್ಷೆಯಿಂದ ಗೊತ್ತಾಗುವ ಮೊದಲು ವೈದ್ಯರು ಆಂಟಿಬಯಾಟಿಕ್ ಶುರುಮಾಡುವುದಕ್ಕೆ ಕಾರಣ ಇರುತ್ತದೆ. ಅದನ್ನು ತಪ್ಪೆನ್ನುವಂತಿಲ್ಲ. ತಪ್ಪು ಇರುವುದು ವೈದ್ಯರನ್ನೇ ನೋಡದೆ, ಅಂಗಡಿಯಲ್ಲಿ 'ಜ್ವರಕ್ಕೆ ನಾಲ್ಕು ಗುಳಿಗೆ ಕೊಡಿ' ಎಂದು ಕೈಚಾಚುವುದರಲ್ಲಿ, ಅವರು ಕೊಟ್ಟುಬಿಡುವುದರಲ್ಲಿ. ಶೀತಕ್ಕೆ ಒಂದು, ಹೊಟ್ಟೆ ಕೆಟ್ಟರೆ ಒಂದು, ಹಲ್ಲುನೋವಿಗೆ ಒಂದು. ಬೇಡದ ಗುಳಿಗೆ ಹೆಚ್ಚಾದಷ್ಟೂ ಒಗ್ಗದ ಗುಳಿಗೆ ಹೊಟ್ಟೆಗೆ ಬೀಳುವ ಸಂಭವವೂ ಹೆಚ್ಚು.

ಒಗ್ಗದಿಕೆ ಎಂಬ ನಮ್ಮ ಮಾತು

'ಅಲರ್ಜಿ' ಎಂಬ ಪದವನ್ನು 1906ರಲ್ಲಿ ವಾನ್ ಪಿರ್ಕೆ ಎಂಬ ಆಸ್ಟ್ರಿಯಾದ ವೈದ್ಯರು ಕಟ್ಟಿದರು. ನಮ್ಮ ಅಜ್ಜಿಯಂದಿರು ಅದಕ್ಕೂ ಮೊದಲಿನಿಂದ 'ಅವನ ಮೈಗೆ ಒಗ್ಗುವುದಿಲ್ಲ' ಎನ್ನುತ್ತಿದ್ದರು. ಒಗ್ಗದಿಕೆ! ಎಷ್ಟು ಚೊಕ್ಕ ಮಾತು ನೋಡಿ. ಮದ್ದಿನದೂ ತಪ್ಪಲ್ಲ, ಮೈಯದೂ ತಪ್ಪಲ್ಲ, ಎರಡಕ್ಕೂ ಒಗ್ಗಲಿಲ್ಲ, ಅಷ್ಟೆ.

ಮಲೆನಾಡಿನವರಿಗೆ ಇದನ್ನು ಅರ್ಥಮಾಡಿಸಲು ದೊಡ್ಡ ಪುಸ್ತಕ ಬೇಡ. ಕಾಡಿನಲ್ಲಿ ಹೊಳೆಗೇರು ಮರ ಇದೆ. ಒಬ್ಬ ಅದನ್ನು ಕಡಿದು ಹೊತ್ತು ತಂದರೂ ಏನೂ ಆಗುವುದಿಲ್ಲ. ಇನ್ನೊಬ್ಬನಿಗೆ ಸೊನೆ ಸ್ವಲ್ಪ ತಾಗಿದರೆ ಸಾಕು, ಮರುದಿನ ಮುಖ ಊದಿ ಕಣ್ಣು ಮುಚ್ಚಿಹೋಗುತ್ತದೆ. ಮರ ಒಂದೇ, ಸೊನೆ ಒಂದೇ, ಮೈ ಬೇರೆ. ಸೊನೆ ತಾಗಿ ಒಂದೆರಡು ದಿನದ ಮೇಲೆ ಬೊಕ್ಕೆ ಏಳುವುದಕ್ಕೆ ಕಾರಣ ನಮ್ಮ ರಕ್ತದಲ್ಲಿರುವ 'ಟಿ ಕೋಶ' ಎಂಬ ಕಾವಲುಗಾರರು. ಗುಳಿಗೆ ನುಂಗಿ ಒಂದು ವಾರದ ಮೇಲೆ ಮೈತುಂಬ ದದ್ದು ಏಳುವುದರ ಹಿಂದೆಯೂ ಹೆಚ್ಚಾಗಿ ಅದೇ ಜಾತಿಯ ಕಾವಲುಗಾರರೇ ಇದ್ದಾರೆ. ಶತ್ರು ಅಲ್ಲದ್ದನ್ನು ಶತ್ರು ಎಂದು ಬಗೆದು ಯುದ್ಧ ಹೂಡುತ್ತಾರೆ. ಯುದ್ಧಭೂಮಿ ನಮ್ಮ ಚರ್ಮ!

ಎಲ್ಲ ದದ್ದೂ ಒಂದೇ ಅಲ್ಲ. ನಾಲ್ಕು ಬಗೆಯನ್ನು ಗುರುತಿಟ್ಟುಕೊಳ್ಳಿ.

ಮೊದಲನೆಯದು ಪಿತ್ತಗಂದೆ. ಮದ್ದು ಒಳಗೆ ಹೋದ ಕೆಲವು ನಿಮಿಷದಿಂದ ಒಂದೆರಡು ಗಂಟೆಯೊಳಗೆ ಕೆಂಪಗೆ, ಉಬ್ಬಿ, ವಿಪರೀತ ತುರಿಕೆ. ಇಷ್ಟೇ ಆದರೆ ಇಳಿಯುತ್ತದೆ. ಆದರೆ ತುಟಿ, ನಾಲಿಗೆ ಊದಿ, ಉಸಿರು ಕಟ್ಟಿ, ತಲೆ ತಿರುಗಿ ಬಿದ್ದರೆ ಅದು ನಿಮಿಷಗಳ ಲೆಕ್ಕ. ಅದಕ್ಕೆ ಮದ್ದು ತೊಡೆಗೆ ಚುಚ್ಚುವ ಅಡ್ರಿನಲಿನ್. ಪೆನ್ಸಿಲಿನ್ ಚುಚ್ಚುಮದ್ದು ಕೊಡುವ ಎಲ್ಲೆಡೆ ಅದು ಕೈಗೆಟಕುವಂತೆ ಇರಲೇಬೇಕು.

ಎರಡನೆಯದು ದಡಾರದಂಥ ದದ್ದು. ಗುಳಿಗೆ ಶುರುಮಾಡಿದ ನಾಲ್ಕರಿಂದ ಹದಿನಾಲ್ಕು ದಿನದೊಳಗೆ ಎದೆ, ಬೆನ್ನಿನಿಂದ ಶುರುವಾಗಿ ಕೈಕಾಲಿಗೆ ಹರಡುತ್ತದೆ. ಇದೇ ಹೆಚ್ಚು ಕಾಣುವುದು. ಮದ್ದು ನಿಲ್ಲಿಸಿದರೆ ಹೆಚ್ಚಿನವರಲ್ಲಿ ತಾನಾಗಿ ಮಾಯುತ್ತದೆ.

ಮೂರನೆಯದು ಒಂದೇ ಜಾಗದ ಕಲೆ. ಗುಳಿಗೆ ನುಂಗಿದಾಗ ತುಟಿಯ ಮೇಲೋ, ಕೈಮೇಲೋ, ಗುಪ್ತಾಂಗದಲ್ಲೋ ದುಂಡಗೆ ಕೆಂಪಾಗಿ ಉರಿದು, ಆಮೇಲೆ ಕಪ್ಪಗೆ ಕಲೆಯಾಗಿ ಉಳಿಯುತ್ತದೆ. ತಿಂಗಳುಗಳ ನಂತರ ಅದೇ ಮದ್ದು ನುಂಗಿದರೆ ಸರಿಯಾಗಿ ಅದೇ ಜಾಗದಲ್ಲಿ ಮತ್ತೆ ಏಳುತ್ತದೆ. ಕೊಟ್ರಿಮಾಕ್ಸಜೋಲ್ ಎಂಬ ಸಲ್ಫಾ ಗುಳಿಗೆ, ಹೊಟ್ಟೆ ಕೆಟ್ಟಾಗ ಕೊಡುವ ಮೆಟ್ರೊನಿಡಜೋಲ್, ಟಿನಿಡಜೋಲ್, ಆರ್ನಿಡಜೋಲ್, ಜ್ವರದ ಡಾಕ್ಸಿಸೈಕ್ಲಿನ್ ಇವು ಇಂಥ ಕಲೆಗೆ ಹೆಸರಾದವು. ನಾಚಿಕೆಯಿಂದ ಗುಪ್ತಾಂಗದ ಕಲೆಯನ್ನು ಗುಪ್ತರೋಗ ಎಂದುಕೊಂಡು ಯಾರಿಗೂ ಹೇಳದೆ ಒದ್ದಾಡುವವರು ಇದ್ದಾರೆ. ಅದು ರೋಗವಲ್ಲ ಸ್ವಾಮಿ, ಗುಳಿಗೆಯ ರುಜು!

ನಾಲ್ಕನೆಯದೇ ಭಯಂಕರ. 1922ರಲ್ಲಿ ಅಮೆರಿಕದ ಸ್ಟೀವನ್ಸ್ ಮತ್ತು ಜಾನ್ಸನ್ ಎಂಬ ಇಬ್ಬರು ವೈದ್ಯರು ಮೊದಲು ವಿವರಿಸಿದ್ದರಿಂದ ಅವರ ಹೆಸರಿನಲ್ಲೇ ಕರೆಯುತ್ತಾರೆ. ಗುಳಿಗೆ ಶುರುಮಾಡಿದ ನಾಲ್ಕು ದಿನದಿಂದ ನಾಲ್ಕು ವಾರದೊಳಗೆ ಜ್ವರ, ಕಣ್ಣುರಿ, ಗಂಟಲು ನೋವು. ಆಮೇಲೆ ಬಾಯಿ, ಕಣ್ಣು, ಗುಪ್ತಾಂಗದಲ್ಲಿ ಹುಣ್ಣು. ಚರ್ಮ ಮುಟ್ಟಿದರೆ ನೋವು, ನೀರ್ಬೊಕ್ಕೆ, ಸುಟ್ಟ ಗಾಯದಂತೆ ಸುಲಿಯುವುದು. ಮೈಯ ಶೇಕಡಾ 10ಕ್ಕಿಂತ ಕಡಿಮೆ ಸುಲಿದರೆ ಸ್ಟೀವನ್ಸ್ ಜಾನ್ಸನ್, ಶೇಕಡಾ 30ಕ್ಕಿಂತ ಹೆಚ್ಚು ಸುಲಿದರೆ ಅದಕ್ಕೆ 'ಟೆನ್' ಎಂದು ಬೇರೆ ಹೆಸರು. ಆ ಹಂತಕ್ಕೆ ಹೋದ ಮೂವರಲ್ಲಿ ಒಬ್ಬರು ಉಳಿಯುವುದಿಲ್ಲ. ಉಳಿದವರಲ್ಲೂ ಕಣ್ಣು ಕಳೆದುಕೊಂಡವರಿದ್ದಾರೆ. ಇದು ಅಪರೂಪ, ವರ್ಷಕ್ಕೆ ಹತ್ತು ಲಕ್ಷ ಜನರಲ್ಲಿ ಬೆರಳೆಣಿಕೆಯಷ್ಟು. ಆದರೆ ಬಂದ ಮನೆಗೆ ಆ ಲೆಕ್ಕದಿಂದ ಏನು ಸಮಾಧಾನ?

ಇಲ್ಲಿ ನಮ್ಮ ಊರಿನ ಒಂದು ಅಭ್ಯಾಸವನ್ನು ಎಚ್ಚರಿಸಿ ಹೇಳಬೇಕು. ಮೈಮೇಲೆ ದದ್ದು ಎದ್ದ ಕೂಡಲೇ 'ಅಮ್ಮ ಬಂದಿದ್ದಾಳೆ' ಎಂದು ಬೇವಿನ ಸೊಪ್ಪು ಹಾಸಿ ಮಲಗಿಸುತ್ತೇವೆ. 'ದೃಷ್ಟಿ' ಎನ್ನುತ್ತೇವೆ. ನಂಬಿಕೆ ನಿಮ್ಮದು, ಅದಕ್ಕೆ ನಾನು ಅಡ್ಡ ಬರುವುದಿಲ್ಲ. ಆದರೆ ಜ್ವರದ ಗುಳಿಗೆ ನಡೆಯುತ್ತಿರುವಾಗ ದದ್ದು ಎದ್ದರೆ ಮುಂದಿನ ಗುಳಿಗೆ ನುಂಗಿಸುವ ಮೊದಲು ವೈದ್ಯರನ್ನು ಕೇಳಿ. ಬಾಯಲ್ಲಿ ಹುಣ್ಣು, ಕಣ್ಣಲ್ಲಿ ಕೆಂಪು, ಚರ್ಮದಲ್ಲಿ ನೋವು ಇವುಗಳಲ್ಲಿ ಒಂದು ಕಂಡರೂ ಗುಳಿಗೆ ಅಲ್ಲಿಗೇ ನಿಲ್ಲಿಸಿ ಅದೇ ದಿನ ದೊಡ್ಡಾಸ್ಪತ್ರೆಗೆ ಹೊರಡಿ. ನಮ್ಮ ಮೂರೂ ತಾಲೂಕಿನಿಂದ ಶಿವಮೊಗ್ಗದ ಮೆಗ್ಗಾನ್ ಅರವತ್ತು ಎಪ್ಪತ್ತು ಕಿಲೋಮೀಟರ್. ತೀರ್ಥಹಳ್ಳಿಯವರಿಗೆ ಆಗುಂಬೆ ಘಾಟಿ ಇಳಿದರೆ ಮಣಿಪಾಲ. 2025ರ ಜುಲೈನಲ್ಲಿ ಅಂಬಾರಗೋಡ್ಲು ಕಳಸವಳ್ಳಿ ಸೇತುವೆ ಆದಮೇಲೆ ತುಮರಿ ಕಡೆಯವರೂ ರಾತ್ರಿ ಲಾಂಚಿಗೆ ಕಾಯಬೇಕಾಗಿಲ್ಲ. ದಾರಿ ಈಗ ಇದೆ. ಹೊರಡುವ ತೀರ್ಮಾನ ಬೇಗ ಆಗಬೇಕು, ಅಷ್ಟೆ. ಹೋಗುವಾಗ ನುಂಗಿದ ಎಲ್ಲ ಗುಳಿಗೆಯ ಸ್ಟ್ರಿಪ್ಪನ್ನೂ ಜೇಬಿಗೆ ಹಾಕಿಕೊಂಡು ಹೋಗಿ.

ನನಗೇ ಯಾಕೆ?

ಒಂದೇ ಆಸ್ಪತ್ರೆ, ಒಂದೇ ವಾರ್ಡು, ಒಂದೇ ಗುಳಿಗೆ. ಪಕ್ಕದ ಹಾಸಿಗೆಯವನು ಗುಣವಾಗಿ ಮನೆಗೆ ಹೋದ, ನನ್ನ ಮಗನಿಗೆ ಮಾತ್ರ ಹೀಗೇಕೆ? ಈ ಪ್ರಶ್ನೆಗೆ ಬಹುಕಾಲ ಉತ್ತರ ಇರಲಿಲ್ಲ. ಕಳೆದ ಇಪ್ಪತ್ತು ವರ್ಷಗಳಲ್ಲಿ ವಿಜ್ಞಾನ ಒಂದು ಬಾಗಿಲು ತೆರೆದಿದೆ. ಅದನ್ನು ತಿಳಿಗನ್ನಡದಲ್ಲಿ ಹೇಳುವ ಪ್ರಯತ್ನ ಮಾಡುತ್ತೇನೆ.

ನಮ್ಮ ಜೀವಕೋಶಗಳ ಹೊರಮೈಮೇಲೆ ಎಚ್‌ಎಲ್‌ಎ ಎಂಬ ಸಣ್ಣ ತಟ್ಟೆಗಳಿವೆ ಎಂದುಕೊಳ್ಳಿ. ಕೋಶದ ಒಳಗೆ ಏನಿದೆ ಎಂಬುದರ ಚೂರುಗಳನ್ನು ಆ ತಟ್ಟೆಯಲ್ಲಿಟ್ಟು ಕಾವಲುಗಾರ ಟಿ ಕೋಶಕ್ಕೆ ತೋರಿಸುತ್ತವೆ. 'ನಮ್ಮದೇ ಚೂರು' ಎಂದು ಕಂಡರೆ ಕಾವಲುಗಾರ ಮುಂದೆ ಹೋಗುತ್ತಾನೆ. 'ಪರಕೀಯ' ಎಂದು ಕಂಡರೆ ಕೊಲ್ಲುತ್ತಾನೆ. ಈ ತಟ್ಟೆಯ ಆಕಾರ ಎಲ್ಲರಿಗೂ ಒಂದೇ ಅಲ್ಲ. ಅಪ್ಪನಿಂದ ಒಂದು ಕಂತು, ಅಮ್ಮನಿಂದ ಒಂದು ಕಂತು, ವಂಶವಾಹಿಯಲ್ಲಿ ಬರೆದು ಬಂದದ್ದು. ಕೆಲವರ ತಟ್ಟೆಯ ತಗ್ಗಿನಲ್ಲಿ ಕೆಲವು ಮದ್ದು ಬೀಗದೊಳಗೆ ಕೀಲಿಯಂತೆ ಕೂತುಬಿಡುತ್ತದೆ. ಕಾವಲುಗಾರ ಅದನ್ನು ನೋಡಿ ಬೆಚ್ಚಿ, ಸ್ವಂತ ಚರ್ಮದ ಕೋಶವನ್ನೇ ಕೊಲ್ಲಲು ಶುರುಮಾಡುತ್ತಾನೆ.

ಇದಕ್ಕೆ ಮೊದಲ ಗಟ್ಟಿ ಸಾಕ್ಷಿ ಸಿಕ್ಕಿದ್ದು ಆಂಟಿಬಯಾಟಿಕ್ಕಿನಲ್ಲಿ ಅಲ್ಲ, ಫಿಟ್ಸಿಗೆ ಕೊಡುವ ಕಾರ್ಬಮಜೆಪಿನ್ ಎಂಬ ಗುಳಿಗೆಯಲ್ಲಿ. 2004ರಲ್ಲಿ ತೈವಾನಿನ ಸಂಶೋಧಕರು ಆ ಗುಳಿಗೆಯಿಂದ ಚರ್ಮ ಸುಲಿದ 44 ರೋಗಿಗಳನ್ನು ಪರೀಕ್ಷಿಸಿದರು. 44 ಮಂದಿಯಲ್ಲೂ ಎಚ್‌ಎಲ್‌ಎ-ಬಿ 15:02 ಎಂಬ ಒಂದೇ ಗುರುತು! 2007ರಲ್ಲಿ ಅಮೆರಿಕದ ಔಷಧ ಇಲಾಖೆ ಏಷ್ಯಾ ಮೂಲದವರಿಗೆ ಈ ಗುಳಿಗೆ ಕೊಡುವ ಮುನ್ನ ಪರೀಕ್ಷೆ ಮಾಡಿ ಎಂದಿತು. 2009ರಲ್ಲಿ ನಮ್ಮ ದೇಶದ ಒಂದು ಸಣ್ಣ ಅಧ್ಯಯನದಲ್ಲಿ ಇಂಥ 8 ರೋಗಿಗಳಲ್ಲಿ 6 ಮಂದಿಗೆ ಅದೇ ಗುರುತು ಸಿಕ್ಕಿತು.

ಆಂಟಿಬಯಾಟಿಕ್ಕಿಗೆ ಬರೋಣ. ಕುಷ್ಠರೋಗಕ್ಕೆ ಕೊಡುವ ಡ್ಯಾಪ್ಸೋನ್ ಎಂಬ ಗುಳಿಗೆ ಕೆಲವರಲ್ಲಿ ನಾಲ್ಕಾರು ವಾರಕ್ಕೆ ಜ್ವರ, ಮೈತುಂಬ ದದ್ದು, ಕಾಮಾಲೆ ತರಿಸುತ್ತದೆ. ಹಾಗಾದ ನೂರರಲ್ಲಿ ಹತ್ತರಷ್ಟು ಮಂದಿ ಸಾಯುತ್ತಾರೆ. 2013ರಲ್ಲಿ ಚೀನಾದ ಸಂಶೋಧಕರು ಇದರ ಹಿಂದೆ ಎಚ್‌ಎಲ್‌ಎ-ಬಿ 13:01 ಎಂಬ ಗುರುತನ್ನು ಕಂಡುಹಿಡಿದರು. ಆಮೇಲೆ ಸಾವಿರಕ್ಕೂ ಹೆಚ್ಚು ಹೊಸ ರೋಗಿಗಳಿಗೆ ಮೊದಲೇ ಪರೀಕ್ಷೆ ಮಾಡಿ, ಗುರುತಿಲ್ಲದವರಿಗೆ ಮಾತ್ರ ಡ್ಯಾಪ್ಸೋನ್ ಕೊಟ್ಟರು. ಅವರಲ್ಲಿ ಒಬ್ಬರಿಗೂ ಆ ಕಾಯಿಲೆ ಬರಲಿಲ್ಲ. ಈಗ ಗಮನವಿಟ್ಟು ಓದಿ. ಈ ಗುರುತು ಯುರೋಪಿನವರಲ್ಲಿ ಹೆಚ್ಚುಕಡಿಮೆ ಇಲ್ಲವೇ ಇಲ್ಲ. ಭಾರತೀಯರಲ್ಲಿ ಸಮುದಾಯದಿಂದ ಸಮುದಾಯಕ್ಕೆ ಶೇಕಡಾ 1ರಿಂದ 12ರವರೆಗೆ ಇದೆ ಎಂದು ಅದೇ ಸಂಶೋಧಕರು ಬರೆದಿದ್ದಾರೆ. ಅಂದರೆ ಲಂಡನ್ನಿನ ರೋಗಿಯನ್ನು ಮುಂದಿಟ್ಟುಕೊಂಡು ಬರೆದ ಪುಸ್ತಕ ನಮ್ಮ ಮೈಗೆ ಸಾಲದು. ನಮ್ಮ ನೆಲದ ಜನರ ಮೈಯನ್ನು ನಮ್ಮಲ್ಲೇ ಓದಬೇಕು.

ಸಲ್ಫಾ ಗುಳಿಗೆ ಕೊಟ್ರಿಮಾಕ್ಸಜೋಲ್‌ನ ಘೋರ ಪರಿಣಾಮಕ್ಕೂ ಇದೇ 13:01 ಗುರುತಿಗೂ ನಂಟಿದೆ ಎಂದು ತೈವಾನ್, ಥಾಯ್ಲೆಂಡ್, ಮಲೇಷ್ಯಾದ ರೋಗಿಗಳಲ್ಲಿ 2021ರಲ್ಲಿ ತೋರಿಸಿದರು. ವ್ಯಾಂಕೋಮೈಸಿನ್ ಎಂಬ ದೊಡ್ಡಾಸ್ಪತ್ರೆಯ ಚುಚ್ಚುಮದ್ದಿಗೆ 2019ರಲ್ಲಿ ಬೇರೊಂದು ಗುರುತು ಸಿಕ್ಕಿತು. ಪೆನ್ಸಿಲಿನ್ನಿಗೆ 2020ರಲ್ಲಿ ಎಸ್ಟೋನಿಯಾ, ಇಂಗ್ಲೆಂಡ್, ಅಮೆರಿಕದ ಆರು ಲಕ್ಷಕ್ಕೂ ಹೆಚ್ಚು ಜನರ ಮಾಹಿತಿಯಿಂದ ಎಚ್‌ಎಲ್‌ಎ-ಬಿ 55:01 ಎಂಬುದು ಹೊರಬಂತು. ಆದರೆ ಅದರಿಂದ ಹೆಚ್ಚುವ ಅಪಾಯ ಸ್ವಲ್ಪವೇ. ಆದ್ದರಿಂದ ನಾಳೆಯೇ ಹೋಗಿ ಸಾವಿರಾರು ರೂಪಾಯಿ ಕೊಟ್ಟು ವಂಶವಾಹಿ ಪರೀಕ್ಷೆ ಮಾಡಿಸಿ ಎಂದು ನಾನು ಹೇಳುತ್ತಿಲ್ಲ. ಗುರುತು ಇದ್ದವರಲ್ಲೂ ಬಹುಪಾಲು ಮಂದಿಗೆ ಏನೂ ಆಗುವುದಿಲ್ಲ. ತಟ್ಟೆಯ ಜೊತೆಗೆ ಮದ್ದಿನ ಪ್ರಮಾಣ, ಅದನ್ನು ಕರಗಿಸುವ ಲಿವರಿನ ವೇಗ, ಆ ಹೊತ್ತಿಗೆ ಮೈಯಲ್ಲಿರುವ ಸೋಂಕು ಎಲ್ಲವೂ ಸೇರಬೇಕು.

ಹಾಗಾದರೆ ಇದರಿಂದ ಮನೆಯವರು ಕಲಿಯಬೇಕಾದ್ದೇನು? ಇಂಥ ಗುರುತು ಅಪ್ಪ ಅಮ್ಮಂದಿರಲ್ಲಿ ಒಬ್ಬರ ಒಂದು ಕಂತಿನಲ್ಲಿ ಇದ್ದರೆ ಪ್ರತಿ ಮಗುವಿಗೂ ಬರುವ ಸಂಭವ ಅರ್ಧಕ್ಕೆ ಅರ್ಧ. ಅಪ್ಪನಿಗೆ ಪೆನ್ಸಿಲಿನ್ನಿನಿಂದ ತುರಿಕೆ ಎದ್ದಿತ್ತು ಎಂದ ಮಾತ್ರಕ್ಕೆ ಮಗನಿಗೆ ಪೆನ್ಸಿಲಿನ್ ಕೊಡಬಾರದು ಎಂದಿಲ್ಲ. ಆದರೆ ಒಡಹುಟ್ಟಿದವರಲ್ಲಿ, ಹೆತ್ತವರಲ್ಲಿ ಯಾರಿಗಾದರೂ ಚರ್ಮ ಸುಲಿಯುವಂಥದ್ದು ಆಗಿದ್ದರೆ ಅದನ್ನೂ, ಆ ಮದ್ದಿನ ಹೆಸರನ್ನೂ ವೈದ್ಯರಿಗೆ ತಪ್ಪದೆ ಹೇಳಿ. ಅದು ನಿಮ್ಮ ಮನೆತನದ ಆಸ್ತಿಪತ್ರದಷ್ಟೇ ಮುಖ್ಯವಾದ ಮಾಹಿತಿ.

ಹಂದಿಗೋಡು ಕಲಿಸಿದ ಪಾಠ

'ವಂಶವಾಹಿ' ಎಂಬ ಮಾತು ನಮ್ಮ ಸೀಮೆಗೆ ಹೊಸದಲ್ಲ. ಸಾಗರ ತಾಲೂಕಿನ ಹಂದಿಗೋಡಿನಲ್ಲಿ 1975ರ ಸುಮಾರಿಗೆ ಜನ ಸೊಂಟ, ಮೊಣಕಾಲು ಹಿಡಿದು ನೆಲ ಹಿಡಿದದ್ದನ್ನು ಹಿರಿಯರು ಕಂಡಿದ್ದಾರೆ. ಹೊಸನಗರ, ತೀರ್ಥಹಳ್ಳಿ, ಆಚೆ ಕೊಪ್ಪ, ನರಸಿಂಹರಾಜಪುರದವರೆಗೂ ಅದು ಕಂಡಿತು. ಬಲಿಯಾದವರು ಹೆಚ್ಚಾಗಿ ಚಲವಾದಿ, ಚನ್ನಂಗಿ ಸಮುದಾಯದ ಬಡವರು. ಗದ್ದೆಗೆ ಹೊಡೆದ ಕೀಟನಾಶಕ, ಅದೇ ಗದ್ದೆಯ ಏಡಿ ತಿಂದದ್ದು ಕಾರಣ ಎಂದು ಮೊದಲು ಶಂಕಿಸಿದರು. ಹೈದರಾಬಾದಿನ ರಾಷ್ಟ್ರೀಯ ಪೌಷ್ಟಿಕಾಂಶ ಸಂಸ್ಥೆಯವರು ಬಂದರು, ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯವರು ಬಂದರು. ಇದು ತಲೆಮಾರಿನಿಂದ ತಲೆಮಾರಿಗೆ ಇಳಿಯುವ ಮೂಳೆಯ ವಂಶವಾಹಿ ದೋಷ ಎಂಬ ಬರಹ 1994ರಲ್ಲಿ ವೈದ್ಯಕೀಯ ಪತ್ರಿಕೆಯಲ್ಲಿ ಬಂತು. ಹತ್ತೊಂಬತ್ತು ವರ್ಷ! ಅದೂ ಇಂಗ್ಲಿಷಿನಲ್ಲಿ.

ಹಂದಿಗೋಡಿನ ಕಾಯಿಲೆಗೂ ಗುಳಿಗೆಯ ಒಗ್ಗದಿಕೆಗೂ ಸಂಬಂಧ ಇಲ್ಲ. ಅದು ಮೂಳೆಯ ವಿಚಾರ, ಇದು ಕಾವಲು ಪಡೆಯ ವಿಚಾರ. ಆದರೂ ಅಲ್ಲಿಂದ ಎರಡು ಪಾಠ ಕಲಿಯಬೇಕು. ಒಂದು, ವಂಶವಾಹಿ ಎಂದ ಕೂಡಲೇ ಜಾತಿಗೆ ಕಳಂಕ ಹಚ್ಚಬೇಡಿ. 'ಆ ಮನೆಯ ರಕ್ತವೇ ಕೆಟ್ಟದ್ದು' ಎಂದು ಹೆಣ್ಣು ಕೊಡುವ ತರುವ ಮಾತಿಗೆ ಕಲ್ಲು ಹಾಕಬೇಡಿ. ಒಗ್ಗದಿಕೆಯ ಗುರುತು ಯಾವ ಜಾತಿಯ ಸೊತ್ತೂ ಅಲ್ಲ. ಇವತ್ತು ಒಂದು ಗುಳಿಗೆಗೆ ಅವರ ಮೈ ಒಗ್ಗದಿದ್ದರೆ ನಾಳೆ ಇನ್ನೊಂದಕ್ಕೆ ನಿಮ್ಮದು ಒಗ್ಗದೆ ಹೋಗಬಹುದು. ಎರಡು, ರಕ್ತ ಕೊಟ್ಟವರಿಗೆ ಉತ್ತರ ಅವರ ಮಾತಿನಲ್ಲೇ ಸಿಗಬೇಕು. ಸಂಶೋಧಕರು ನಮ್ಮ ಕೇರಿಗೆ ಬಂದು ರಕ್ತ ಕೇಳಿದರೆ ಕೊಡೋಣ. ಆದರೆ 'ನಮ್ಮಲ್ಲಿ ಏನು ಕಂಡಿರಿ, ಕನ್ನಡದಲ್ಲಿ ಬರೆದುಕೊಡಿ' ಎಂದು ಕೇಳುವ ಹಕ್ಕನ್ನು ಬಿಡುವುದು ಬೇಡ.

ಹೆಸರು ಎಲ್ಲಿ ಕಳೆದುಹೋಗುತ್ತದೆ?

ನಮ್ಮ ಪ್ರೆಸ್ಸಿನ ಬೈಂಡಿಂಗ್ ಕೆಲಸಗಾರನೊಬ್ಬನ ಎಡಗೈ ಮೇಲೆ ನಾಲ್ಕಾಣೆಯಷ್ಟಗಲ ಕಪ್ಪು ಕಲೆ. ಹೊಟ್ಟೆ ಕೆಟ್ಟು ಗುಳಿಗೆ ತಂದಾಗಲೆಲ್ಲ ಅದೇ ಜಾಗ ಉರಿದು ಬೊಕ್ಕೆ. ಮೂರು ಸಲ ಆಯಿತು, ಮೂರು ಬೇರೆ ಅಂಗಡಿ, ಮೂರು ಬೇರೆ ಹೆಸರಿನ ಗುಳಿಗೆ. ಕೊನೆಗೆ ಚರ್ಮದ ವೈದ್ಯರು ನೋಡಿ, ಮೂರರ ಒಳಗೂ ಇರುವ ಮದ್ದು ಒಂದೇ ಎಂದರು. ಆತನಿಗೆ ಕನ್ನಡ ಚೆನ್ನಾಗಿ ಓದಲು ಬರುತ್ತದೆ. ಸಾವಿರ ಪುಟದ ಪುಸ್ತಕವನ್ನು ಪುಟ ತಪ್ಪದೆ ಹೊಲಿಯುತ್ತಾನೆ. ಗುಳಿಗೆಯ ಬೆನ್ನ ಮೇಲೆ ಇರುವೆ ಗಾತ್ರದ ಇಂಗ್ಲಿಷ್ ಮಾತ್ರ ಓದಲಾರ.

ಹೆಸರು ಕಳೆದುಹೋಗುವುದು ಮೂರು ಕಡೆ. ಮೊದಲು ಕಂಪನಿಯಲ್ಲಿ. ಸೆಪ್ಟ್ರಾನ್ ಎಂದರೂ ಬ್ಯಾಕ್ಟ್ರಿಮ್ ಎಂದರೂ ಒಳಗಿರುವುದು ಅದೇ ಕೊಟ್ರಿಮಾಕ್ಸಜೋಲ್. ಆಗ್ಮೆಂಟಿನ್, ಕ್ಲಾವಮ್, ನೋವಾಮಾಕ್ಸ್ ಇವೆಲ್ಲದರೊಳಗೆ ಪೆನ್ಸಿಲಿನ್ ಕುಟುಂಬದ ಅಮಾಕ್ಸಿಸಿಲಿನ್ ಇದೆ. ವ್ಯಾಪಾರದ ಹೆಸರು ದಪ್ಪಕ್ಷರದಲ್ಲಿ, ಮದ್ದಿನ ಹೆಸರು ಸಣ್ಣಕ್ಷರದಲ್ಲಿ. ಎರಡನೆಯದು ಅಂಗಡಿಯ ಕತ್ತರಿಯಲ್ಲಿ. ಹತ್ತರ ಸ್ಟ್ರಿಪ್ಪಿನಿಂದ ನಾಲ್ಕು ಕತ್ತರಿಸಿದರೆ ಹೆಸರು ಅವರ ಡಬ್ಬಿಯಲ್ಲೇ ಉಳಿಯುತ್ತದೆ. ಮೂರನೆಯದು ಚೀಟಿಯಲ್ಲಿ. ವೈದ್ಯರ ಕೈಬರಹದ ಬಗ್ಗೆ ನಾನು ಹೊಸದಾಗಿ ಹೇಳಬೇಕಾದ್ದಿಲ್ಲ.

ಕಾನೂನು ಇಲ್ಲವೇ? ಇದೆ. 2013ರಲ್ಲಿ ಹೊರಡಿಸಿ 2014ರಿಂದ ಜಾರಿಗೆ ತಂದ ಎಚ್-1 ಪಟ್ಟಿಯ ಪ್ರಕಾರ ಹಲವು ಪ್ರಬಲ ಆಂಟಿಬಯಾಟಿಕ್‌ಗಳನ್ನು ಚೀಟಿ ಇಲ್ಲದೆ ಮಾರುವಂತಿಲ್ಲ, ರೋಗಿಯ ಹೆಸರು, ಬರೆದ ವೈದ್ಯರ ಹೆಸರು ದಾಖಲಿಸಿ ಮೂರು ವರ್ಷ ಇಡಬೇಕು. ಕೆಂಪು ಚೌಕದ ಎಚ್ಚರಿಕೆಯೂ ಇದೆ. ಆದರೆ ನಮ್ಮ ಕೈಗೆ ಬರುವ ಸ್ಟ್ರಿಪ್ಪಿನಲ್ಲಿ ಆ ಎಚ್ಚರಿಕೆ ಇರುವುದು ಯಾವ ಭಾಷೆಯಲ್ಲಿ? ಇಂಗ್ಲಿಷಿನಲ್ಲಿ! ಜನೌಷಧಿಯ ಪೊಟ್ಟಣದ ಮೇಲೆ ಹಿಂದಿ ಅಕ್ಷರವೂ ಕಾಣುತ್ತದೆ. ಕನ್ನಡ ಎಲ್ಲಿ? ಎಚ್ಚರಿಕೆ ಯಾರಿಗಾಗಿ ಇದೆಯೋ ಅವರಿಗೇ ಅರ್ಥವಾಗದಿದ್ದರೆ ಅದು ಎಚ್ಚರಿಕೆಯೇ ಅಲ್ಲ.

2024ರ ಮಾರ್ಚ್‌ನಲ್ಲಿ ಜಾರಿಗೆ ಬಂದ ಕನ್ನಡ ಭಾಷಾ ಸಮಗ್ರ ಅಭಿವೃದ್ಧಿ ಅಧಿನಿಯಮವು ರಾಜ್ಯದಲ್ಲಿ ತಯಾರಾಗುವ ಸರಕಿನ ಮೇಲೆ ಹೆಸರು, ಬಳಕೆಯ ಸೂಚನೆ ಕನ್ನಡದಲ್ಲೂ ಇರಲಿ ಎನ್ನುತ್ತದೆ. ಸಂತೋಷ. ಆದರೆ ನಾವು ನುಂಗುವ ಗುಳಿಗೆಯಲ್ಲಿ ಎಷ್ಟೋ ತಯಾರಾಗುವುದು ಹಿಮಾಚಲದ ಬದ್ದಿಯಲ್ಲಿ, ಉತ್ತರಾಖಂಡದಲ್ಲಿ, ಸಿಕ್ಕಿಮ್ಮಿನಲ್ಲಿ. ಅಲ್ಲಿಗೆ ಈ ಕಾಯಿದೆಯ ಕೈ ಚಾಚುವುದಿಲ್ಲ. ಅದೇ 2024ರಲ್ಲಿ ಕನ್ನಡ ಅಭಿವೃದ್ಧಿ ಪ್ರಾಧಿಕಾರದ ಅಧ್ಯಕ್ಷ ಪುರುಷೋತ್ತಮ ಬಿಳಿಮಲೆಯವರು ಸರ್ಕಾರಿ ವೈದ್ಯರು ಚೀಟಿಯನ್ನು ಕನ್ನಡದಲ್ಲಿ ಬರೆಯಲಿ ಎಂದು ಆರೋಗ್ಯ ಸಚಿವರಿಗೆ ಪತ್ರ ಬರೆದರು. ಕೆಲವರು ನಕ್ಕರು. ನಗುವವರು ನಮ್ಮ ಬೈಂಡರನ ಎಡಗೈ ಒಮ್ಮೆ ನೋಡಲಿ!

ಸುಳ್ಳು ಹಣೆಪಟ್ಟಿಯೂ ಬೇಡ

ಒಂದು ಮಾತು ಇನ್ನೊಂದು ಕಡೆಯಿಂದಲೂ ಹೇಳದಿದ್ದರೆ ಈ ಬರಹ ಅರ್ಧಸತ್ಯ ಆಗುತ್ತದೆ. ವಾಂತಿಯಾಯಿತು, ಭೇದಿಯಾಯಿತು ಎಂದು 'ನನಗೆ ಆ ಗುಳಿಗೆ ಅಲರ್ಜಿ' ಎನ್ನುವವರಿದ್ದಾರೆ. ಅದು ಅಡ್ಡಪರಿಣಾಮ, ಒಗ್ಗದಿಕೆ ಅಲ್ಲ. ಮಕ್ಕಳಿಗೆ ವೈರಸ್ ಜ್ವರದಲ್ಲೇ ದದ್ದು ಏಳುವುದುಂಟು, ಪಾಪ ಗುಳಿಗೆಯ ತಲೆಗೆ ಬರುತ್ತದೆ. ಅಮೆರಿಕದಲ್ಲಿ ಹತ್ತರಲ್ಲಿ ಒಬ್ಬರ ದಾಖಲೆಯಲ್ಲಿ ಪೆನ್ಸಿಲಿನ್ ಅಲರ್ಜಿ ಎಂದು ಬರೆದಿದೆ. ಅಂಥವರನ್ನು ಪರೀಕ್ಷಿಸಿದರೆ ಹತ್ತರಲ್ಲಿ ಒಂಬತ್ತು ಮಂದಿ ಪೆನ್ಸಿಲಿನ್ ತೆಗೆದುಕೊಳ್ಳಬಲ್ಲವರು! ನಿಜವಾದ ಪೆನ್ಸಿಲಿನ್ ಗಂದೆ ಕೂಡ ಹತ್ತು ವರ್ಷದಲ್ಲಿ ಐವರಲ್ಲಿ ನಾಲ್ವರಿಗೆ ಮಾಸಿಹೋಗುತ್ತದೆ. ಸುಳ್ಳು ಹಣೆಪಟ್ಟಿ ಹಚ್ಚಿಕೊಂಡರೆ ಅಗ್ಗದ ಒಳ್ಳೆಯ ಮದ್ದು ತಪ್ಪಿ ದುಬಾರಿ ಮದ್ದಿಗೆ ಕೈಹಾಕಬೇಕಾಗುತ್ತದೆ. ಹೃದಯದ ಕವಾಟದ ತೊಂದರೆಗೆ ಮೂರು ನಾಲ್ಕು ವಾರಕ್ಕೊಮ್ಮೆ ಪೆನ್ಸಿಲಿನ್ ಚುಚ್ಚಿಸಿಕೊಳ್ಳುವ ಹುಡುಗ ಹುಡುಗಿಯರು ಹೆದರಿ ನಿಲ್ಲಿಸಿದರೆ ಕೆಟ್ಟಿತು. ಅನುಮಾನ ಇದ್ದರೆ ವೈದ್ಯರ ಎದುರು ಬಗೆಹರಿಸಿಕೊಳ್ಳಿ. ಮನೆಯಲ್ಲಿ 'ಮತ್ತೊಮ್ಮೆ ನುಂಗಿ ನೋಡೋಣ' ಎಂಬ ಪ್ರಯೋಗ ಮಾತ್ರ ಬೇಡವೇ ಬೇಡ. ಚರ್ಮ ಸುಲಿದವರಂತೂ ಜನ್ಮಪೂರ್ತಿ ಆ ಮದ್ದಿನ ದಿಕ್ಕಿಗೆ ಹೋಗಬಾರದು.

ಈಗ ಮಾಡಬೇಕಾದ್ದು

ಒಂದು ಸಣ್ಣ ಕಾರ್ಡು ಸಾಕು, ಬಸ್ ಪಾಸಿನಷ್ಟಗಲ. ಅದರಲ್ಲಿ ಐದು ಸಾಲು: ನನ್ನ ಹೆಸರು. ನನಗೆ ಒಗ್ಗದ ಮದ್ದಿನ ನಿಜವಾದ ಹೆಸರು, ವ್ಯಾಪಾರದ ಹೆಸರಲ್ಲ, ಮೇಲೆ ಕನ್ನಡದಲ್ಲಿ, ಕೆಳಗೆ ಇಂಗ್ಲಿಷಿನಲ್ಲಿ, ಬೆಂಗಳೂರಿಗೋ ಬೊಂಬಾಯಿಗೋ ಹೋದರೂ ನಡೆಯಲಿ. ಯಾವ ವರ್ಷ. ನುಂಗಿದ ಎಷ್ಟು ಹೊತ್ತಿಗೆ, ಏನಾಯಿತು. ಹೇಳಿದ ವೈದ್ಯರ ರುಜು. ಮದುವೆ ಕಾಗದ ಅಚ್ಚುಹಾಕುವ ಯಂತ್ರದಲ್ಲೇ ಈ ಕಾರ್ಡೂ ಅಚ್ಚಾಗುತ್ತದೆ. ನಮ್ಮ ಪ್ರೆಸ್ಸಿನಲ್ಲಿ ಅಚ್ಚು ಜೋಡಿಸಿ ಇಟ್ಟಿದ್ದೇನೆ. ಬಂದು ಕೇಳಿದವರಿಗೆ ಕಾಸಿಲ್ಲದೆ ಕೊಡುತ್ತೇನೆ. ಬೇರೆ ಊರಿನ ಪ್ರೆಸ್ಸಿನವರೂ ಮಾಡಲಿ, ನಕಲು ಮಾಡಿದರೆ ನನಗೆ ಬೇಸರವಿಲ್ಲ.

ಔಷಧ ಅಂಗಡಿಯ ಕವರುಗಳೂ ನಮ್ಮಂಥ ಪ್ರೆಸ್ಸುಗಳಲ್ಲೇ ಅಚ್ಚಾಗುವುದು. ಅಂಗಡಿಯ ಹೆಸರು ದೊಡ್ಡದಾಗಿ, ಫೋನ್ ನಂಬರು, ಬೆಳಿಗ್ಗೆ ಮಧ್ಯಾಹ್ನ ರಾತ್ರಿಯ ಚೌಕ. ಮದ್ದಿನ ಹೆಸರು ಬರೆಯಲು ಒಂದು ಗೆರೆ ಇರುವುದಿಲ್ಲ! ಆ ಒಂದು ಗೆರೆ ಸೇರಿಸಲು ಒಂದು ಪೈಸೆ ಹೆಚ್ಚು ಖರ್ಚಿಲ್ಲ. ಅಂಗಡಿಯ ಮಿತ್ರರೇ, ನಿಮ್ಮ ಮುಂದಿನ ಆರ್ಡರಿನಲ್ಲಿ 'ಮದ್ದಿನ ಹೆಸರು' ಎಂಬ ಗೆರೆ ಕೇಳಿ. ಕತ್ತರಿಸಿ ಕೊಡುವಾಗ ಕನ್ನಡದಲ್ಲಿ ಹೆಸರು ಬರೆಯಿರಿ. ಓದುಗರೇ, ಬರೆಯದಿದ್ದರೆ ಬರೆಸಿಕೊಂಡೇ ಕೌಂಟರು ಬಿಡಿ.

ಗುಳಿಗೆಯಿಂದ ತೊಂದರೆಯಾದರೆ ಸರ್ಕಾರಕ್ಕೆ ತಿಳಿಸುವ ದಾರಿ ಇದೆ ಎಂಬುದು ಹೆಚ್ಚಿನವರಿಗೆ ಗೊತ್ತೇ ಇಲ್ಲ. 2010ರಲ್ಲಿ ಶುರುವಾದ ಭಾರತೀಯ ಔಷಧ ಜಾಗೃತಿ ಕಾರ್ಯಕ್ರಮದ ಉಚಿತ ಫೋನ್ 1800-180-3024. ರೋಗಿಯೇ ತುಂಬಬಹುದಾದ ಅರ್ಜಿ ಕನ್ನಡದಲ್ಲೂ ಇದೆ. ಅದನ್ನು ತಾಲೂಕು ಆಸ್ಪತ್ರೆಯ ಗೋಡೆಗೆ ಅಂಟಿಸಲು ಏನು ಅಡ್ಡಿ? ವರದಿಯೇ ಹೋಗದಿದ್ದರೆ ಸಾಗರ, ಹೊಸನಗರ, ತೀರ್ಥಹಳ್ಳಿಯಲ್ಲಿ ಯಾರಿಗೂ ಏನೂ ಆಗಿಲ್ಲ ಎಂದೇ ದೇಶದ ಲೆಕ್ಕದಲ್ಲಿ ಉಳಿಯುತ್ತದೆ.

ಸಂಘದ ಗೆಳೆಯರಿಗೆ ಕೊನೆಯ ಮಾತು. ಬೋರ್ಡುಗಳಿಗೆ ಕನ್ನಡ ಬರೆಸಲು ನಾವು ಬೀದಿಗಿಳಿದಿದ್ದೇವೆ, ಇಳಿಯಲೇಬೇಕು. ಆದರೆ ಅಂಗಡಿಯ ಬೋರ್ಡು ಓದಲಾಗದವನು ಪಕ್ಕದ ಅಂಗಡಿಗೆ ಹೋಗುತ್ತಾನೆ. ಗುಳಿಗೆಯ ಹೆಸರು ಓದಲಾಗದವನು ಎಲ್ಲಿಗೆ ಹೋಗುತ್ತಾನೆ? ಈ ನವೆಂಬರಿನಲ್ಲಿ ಬಾವುಟ ಕಟ್ಟುವ ಜೊತೆಗೆ ಪ್ರತಿ ಊರಿನ ಪ್ರತಿ ಮನೆಯಲ್ಲೂ ಒಂದು ಪ್ರಶ್ನೆ ಕೇಳಿ: ನಿಮ್ಮಲ್ಲಿ ಯಾರಿಗಾದರೂ ಯಾವ ಮದ್ದಾದರೂ ಒಗ್ಗಿಲ್ಲವೇ? ಒಗ್ಗಿಲ್ಲದಿದ್ದರೆ ಅದರ ಹೆಸರು ಪತ್ತೆಮಾಡಿ, ಕನ್ನಡದಲ್ಲಿ ಬರೆದು, ಅವರ ಜೇಬಿಗೆ ಹಾಕಿ ಬನ್ನಿ.